ಕಡ್ಡಿ ಪೈಲ್ವಾನಳ ತೂಕ

ಬೀದಿಯವರೆಲ್ಲ ಆಕೆಯನ್ನು ಪರದೆಯಮ್ಮ ಎಂದೇ ಕರೆಯುತ್ತಿದ್ದರು. ಕಿಟಕಿ ಬಾಗಿಲುಗಳ ಪರದೆ ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಆದರೆ ಮಗಳ ಮೈಗೆ ಒಂದಿಷ್ಟು ಮಾಂಸ ಹತ್ತಿಸುವುದರಲ್ಲಿ ಮಾತ್ರ ಆಕೆ ಸೋತು ಸುಣ್ಣವಾಗಿದ್ದಳು. ಮಗಳು ಹುಟ್ಟಿದಾಗಿನಿಂದಲೂ ಕಡ್ಡಿ ಪೈಲ್ವಾನ್. ವಾಯುಪಡೆ ಸೇರಿ, ತರಬೇತಿಯ ಜೆಟ್‌ಗಳನ್ನು ಹಾರಿಸಿ, ಹೊಸ ಯುದ್ಧವಿಮಾನದ ತಂಡದ ಹೊಸ್ತಿಲಿಗೆ ಬಂದು ನಿಂತಿದ್ದರೂ ಮನೆಯಲ್ಲಿ ಅವಳು ಕಡ್ಡಿಯೇ.

ರಜೆಗೆ ಬಂದ ದಿನವೇ ಅವಳು ಊಟದ ಮೇಜನ್ನು ರನ್‌ವೇ ಮಾಡಿದಳು. ತಟ್ಟೆ ವಿಮಾನವಾಯಿತು, ಅದರಡಿ ಹಿಡಿದ ಚಮಚಗಳು ಕ್ಷಿಪಣಿಗಳಾದವು. ಒಂದೇ ವಿಮಾನ ಆಕಾಶದಲ್ಲಿ ಇನ್ನೊಂದರ ಜೊತೆ ಕಾದಾಡುತ್ತದಂತೆ, ನೆಲದ ಗುರಿಗೆ ಬಾಂಬು ಹಾಕುತ್ತದಂತೆ, ಮೋಡದ ಮೇಲಿಂದ ಫೋಟೋನೂ ತೆಗೆಯುತ್ತದಂತೆ. ಕಣ್ಣಿಗೆ ಚುಕ್ಕೆಯಾಗಿಯೂ ಕಾಣದ ಶತ್ರುವನ್ನು ಅದರ ರಾಡಾರ್ ಆಗಲೇ ಹಿಡಿದಿರುತ್ತದೆ. ಪೈಲಟ್ ಗಾಬರಿಯಲ್ಲಿ ಅಡ್ಡಾದಿಡ್ಡಿ ಎಳೆದಾಡಿದರೂ ಕಂಪ್ಯೂಟರ್ ಅದನ್ನು ಮಗುಚಿ ಬೀಳಲು ಬಿಡುವುದಿಲ್ಲ. ಹೇಳುತ್ತ ಹೇಳುತ್ತ ತಟ್ಟೆ ನೆಟ್ಟಗೆ ಸೂರಿನ ಕಡೆ ಎದ್ದಿತು, ಚಮಚಗಳೆಲ್ಲ ಅಪ್ಪನ ತೊಡೆಯ ಮೇಲೆ ಬಿದ್ದವು.

ಎಲ್ಲ ಕೆಲಸವನ್ನೂ ಒಂದೇ ಮಾಡುವುದಾದರೆ ಅದು ವಿಮಾನವಲ್ಲ, ಮನೆ ಹೆಂಗಸು ಎಂದು ಪರದೆಯಮ್ಮ ಕಿಚಾಯಿಸಿದಳು. ಎಲ್ಲ ಮಾಡುತ್ತದೆ, ಆದರೆ ಒಟ್ಟಿಗೇ ಅಲ್ಲ ಎಂದಳು ಮಗಳು. ಬಾಂಬು ಹೆಚ್ಚು ಹೊತ್ತರೆ ಹೋಗುವ ದೂರ ಕಡಿಮೆ. ಇಂಧನದ ಟ್ಯಾಂಕು ಹೆಚ್ಚು ಹೊತ್ತರೆ ಚುರುಕು ಕಡಿಮೆ. ಎಂಜಿನ್ನಿಗೆ ಪೂರ್ತಿ ಬೆಂಕಿ ಹಚ್ಚಿ ಓಡಿಸಿದರಂತೂ ಟ್ಯಾಂಕು ನೋಡನೋಡುತ್ತಲೇ ಬರಿದು. ಅಷ್ಟು ಹೇಳಿ ಅವಳ ದನಿ ಇಳಿಯಿತು. ಅದಕ್ಕೆ ಇನ್ನೊಂದು ಮಿತಿಯೂ ಇತ್ತು. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಕುರ್ಚಿಗೆ ಇಂತಿಷ್ಟು ತೂಕದ ಪೈಲಟ್ಟೇ ಬೇಕು. ಉಳಿದ ಪರೀಕ್ಷೆಗಳಲ್ಲೆಲ್ಲ ಅವಳೇ ಮೊದಲು. ತೂಕದಲ್ಲಿ ಮಾತ್ರ ಅರ್ಧ ಕಿಲೋ ಸಾಲದು. ಆನೆ ಹೋಗಿ ಬಾಲ ಸಿಕ್ಕಿಕೊಂಡಿತ್ತು.

ಬಸ್ ಓಡಿಸುವ ಅಪ್ಪನಿಗೆ ಇದು ತಲೆಗೇ ಹೋಗಲಿಲ್ಲ. ತನ್ನ ಬಸ್ಸಿಗೆ ಭಾರ ಹೆಚ್ಚಾದರೆ ತೊಂದರೆ, ಇದೆಂಥ ಗಾಡಿ, ಕಡಿಮೆಯಾದರೆ ಗೊಣಗುತ್ತದೆ ಎಂದು ನಕ್ಕ. ಪರದೆಯಮ್ಮ ನಗಲಿಲ್ಲ. ಟನ್ನುಗಟ್ಟಲೆ ಬಾಂಬು ಹೊರುವ ವಿಮಾನಕ್ಕೆ ತನ್ನ ಮಗಳು ಹಗುರವಾದಳೇ ಎಂದು ಆಕೆಗೆ ಉರಿದುಹೋಯಿತು. ಮೊಟ್ಟೆ, ಹಾಲು, ಬಾಳೆಹಣ್ಣು, ಬೆಣ್ಣೆ ಎಲ್ಲವೂ ಸಾಲುಗಟ್ಟಿ ಮಗಳ ಹೊಟ್ಟೆ ಸೇರಿದವು. ತಿಂದದ್ದೆಲ್ಲ ಎಲ್ಲಿಗೆ ಹೋಯಿತೋ, ತೂಕದ ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಆಗ ಆಕೆಯ ಕಣ್ಣು ಸೀಸದ ಪಟ್ಟಿಯ ಮೇಲೆ ಬಿತ್ತು. ಗಾಳಿಗೆ ಪರದೆ ಹಾರಬಾರದೆಂದು ಅಂಚಿನ ಮಡಿಕೆಯೊಳಗೆ ಇಟ್ಟು ಹೊಲಿಯುವ ಪಟ್ಟಿ ಅದು. ಒಬ್ಬ ಗಿರಾಕಿಯ ಪರದೆಗೆಂದು ತಂದದ್ದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇದು ಬರೀ ಒಂದು ಸುಳ್ಳು, ಅದೂ ಬಾಯಲ್ಲಿ ಹೇಳದ್ದು. ಮಗಳಿಗೊಂದು ಹೊಸ ಒಳಬನಿಯನ್ ಹೊಲಿದು, ಅಂಚನ್ನು ಎರಡು ಸಲ ಮಡಿಚಿ, ಸೀಸವನ್ನು ಸುತ್ತಲೂ ಸಮವಾಗಿ ಹಂಚಿಬಿಟ್ಟಳು. ತೂಕ ನೋಡುವ ದಿನ ಇದನ್ನೇ ಹಾಕಿಕೋ, ನೂಲು ದಪ್ಪ, ಬೆಚ್ಚಗಿರುತ್ತದೆ ಎಂದಳು. ಮಗಳು ಅದನ್ನು ಕೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡಳು, ಆಮೇಲೆ ಸುಮ್ಮನೆ ಚೀಲಕ್ಕೆ ಹಾಕಿದಳು.

ಆಯ್ಕೆಯ ದಿನ ಮನೆಯವರಿಗೂ ವಿಮಾನ ತೋರಿಸುವ ಏರ್ಪಾಡಿತ್ತು. ದೊಡ್ಡ ಶೆಡ್ಡಿನಲ್ಲಿ ಅದು ನಿಂತ ಠೀವಿ ನೋಡಿ ಪರದೆಯಮ್ಮ ಸೆರಗು ಸರಿಮಾಡಿಕೊಂಡಳು. ಪಕ್ಕದಲ್ಲೇ ಬಿಚ್ಚಿಟ್ಟ ಕುರ್ಚಿಯೊಂದನ್ನು ಅದರ ಮೆಕ್ಯಾನಿಕ್ ತೋರಿಸುತ್ತಿದ್ದ. ಎಲ್ಲರೂ ಅವನನ್ನು ಕುರ್ಚಿಯಣ್ಣ ಅನ್ನುತ್ತಿದ್ದರು, ಮಾತುಗಾರ. ಕುರ್ಚಿಯಡಿ ರಾಕೆಟ್ ಇದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮನುಷ್ಯನನ್ನು ಆಕಾಶಕ್ಕೆ ಎಸೆಯುತ್ತದೆ, ಅದರ ಒದೆತ ಎಲ್ಲರಿಗೂ ಒಂದೇ ಎಂದು ವಿವರಿಸಿದ. ಮೈ ಹಗುರವಿದ್ದಷ್ಟೂ ಎಸೆತ ಜೋರು. ತಲೆಯ ಮೇಲೆ ಭಾರದ ಹೆಲ್ಮೆಟ್ ಬೇರೆ, ಸಣಕಲು ಕತ್ತು ಅದನ್ನು ತಡೆಯಬೇಕಲ್ಲ.

"ಹಂಗಾದ್ರೆ ಜೇಬಲ್ಲಿ ಎರಡು ಕಲ್ಲು ಹಾಕ್ಕೊಂಡ್ರಾಯ್ತು" ಎಂದು ಯಾರೋ ನಗಾಡಿದರು.

"ಕಲ್ಲಿಗೆ ಕತ್ತಿಲ್ಲವಲ್ಲ ಸ್ವಾಮಿ," ಎಂದ ಕುರ್ಚಿಯಣ್ಣ. "ಮುರಿಯೋದು ಪೈಲಟ್ ಕತ್ತು."

ಕಚೇರಿಯವರ ಕಿರಿಕಿರಿ ಎಂದು ಪರದೆಯಮ್ಮ ಅಂದುಕೊಂಡಿದ್ದ ಆ ಅರ್ಧ ಕಿಲೋ ತನ್ನ ಮಗಳ ಕತ್ತಿನ ಬೆಲೆಯಾಗಿತ್ತು. ಆಕೆ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಗಂಡ ಕೂಗಿದ್ದು ಕೇಳಿಸಲಿಲ್ಲ. ಶೆಡ್ಡು ದಾಟಿ, ಉದ್ದದ ಪಡಸಾಲೆಯಲ್ಲಿ ಎದುರಾದವರನ್ನೆಲ್ಲ ತಳ್ಳಿಕೊಂಡು ವೈದ್ಯರ ಕೋಣೆ ಮುಟ್ಟುವಷ್ಟರಲ್ಲಿ ಬಾಗಿಲು ತೆರೆಯಿತು. ಮಗಳು ಹೊರಗೆ ಬಂದಳು. ಮುಖದಲ್ಲಿ ಬೆಳಕು.

"ಆಯ್ತಮ್ಮ. ಸಹಿನೂ ಹಾಕಿದ್ರು."

ಇಂಥ ಖುಷಿಯನ್ನು ಮಗಳ ಮುಖದಲ್ಲಿ ಆಕೆ ಎಂದೂ ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪರದೆಯಮ್ಮ ಮಗಳ ಬನಿಯನ್ನಿನ ಅಂಚನ್ನು ಎಳೆದು ಹಿಡಿದಳು. ಚೀಲದಲ್ಲಿದ್ದ ಕತ್ತರಿಯನ್ನು ಕಾವಲಿನವರು ಗೇಟಿನಲ್ಲೇ ಇಸಿದುಕೊಂಡಿದ್ದರು. ಹಲ್ಲಿನಿಂದಲೇ ಹೊಲಿಗೆ ಕಚ್ಚಿ ಹರಿದಳು. ಸೀಸದ ಪಟ್ಟಿ ಇಬ್ಬರ ನಡುವೆ ಜೋತುಬಿತ್ತು.

"ನಾನೇ ಕಣೇ ಹಾಕಿದ್ದು," ಎಂದಳು. ಅಳು ಬಂದುಬಿಟ್ಟಿತು.

ಮಗಳು ಪಟ್ಟಿಯನ್ನು ನೋಡಿದಳು. "ಭಾರ ಇದೆ ಅಂತ ಗೊತ್ತಾಗಿತ್ತಮ್ಮ. ಯಾಕೆ ಅಂತ ಕೇಳೋಕೆ ನಂಗೂ ಮನಸ್ಸಾಗ್ಲಿಲ್ಲ."

ಆಮೇಲೆ ಅವಳೇ ತಾಯಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ವೈದ್ಯೆ ಕೆಂಡವಾದಳು. ತಪ್ಪೆಲ್ಲ ತನ್ನದು, ಬರೆಯುವುದಿದ್ದರೆ ತನ್ನ ಹೆಸರು ಬರೆಯಿರಿ ಎಂದು ಪರದೆಯಮ್ಮ ಅಡ್ಡ ನಿಂತಳು. ಮಗಳು ಮತ್ತೆ ತಕ್ಕಡಿ ಹತ್ತಿದಳು. ಮುಳ್ಳು ಗೆರೆಗಿಂತ ಕೆಳಗೇ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವೈದ್ಯೆ ತನ್ನ ಸಹಿಯ ಮೇಲೆ ಗೆರೆ ಎಳೆದಳು, ಸೀಸವನ್ನು ಕೈಯಲ್ಲಿ ತೂಗಿ ನೋಡಿದಳು, ಸ್ವಲ್ಪ ತಣ್ಣಗಾದಳು.

"ನೀವಾಗೇ ಬಂದು ಹೇಳಿದ್ರಿ ಅಂತ ಬಿಡ್ತಿದೀನಿ," ಎಂದು ಮಗಳ ಕಡೆ ತಿರುಗಿದಳು. "ಮುಂದಿನ ತಂಡಕ್ಕೆ ಬಾ. ಸೀಸ ಬೇಡ, ಮೈ ಬೆಳೆಸ್ಕೊಂಡು ಬಾ."

ಸೀಸ ಮರುದಿನವೇ ಗಿರಾಕಿಯ ಪರದೆ ಸೇರಿತು. ಹಾರಬಾರದ ಬಟ್ಟೆಗಷ್ಟೇ ಅದು ಸರಿ. ಮಗಳು ಹಟಕ್ಕೆ ಬಿದ್ದಳು. ಭಾರ ಎತ್ತಿದಳು, ಕತ್ತು ಗಟ್ಟಿಯಾಗಲೆಂದು ರಬ್ಬರ್ ಪಟ್ಟಿ ಕಟ್ಟಿ ಎಳೆದಳು, ಹಸಿದು ತಿಂದಳು. ತಾಯಿ ಬಡಿಸಿದಳು, ಬಲವಂತ ಮಾಡಲಿಲ್ಲ. ಮುಂದಿನ ತಂಡದ ತೂಕದ ದಿನ ವೈದ್ಯೆ ಮೊದಲು ಬನಿಯನ್ನಿನ ಅಂಚು ಮುಟ್ಟಿ ನೋಡಿದಳು, ಆಮೇಲೆ ಮುಳ್ಳನ್ನು ನೋಡಿದಳು, ಆಮೇಲೆ ನಕ್ಕಳು.

ಅವಳು ಮೊದಲ ಸಲ ಒಬ್ಬಳೇ ಹಾರಿದ ದಿನ ಬೇಲಿಯಾಚೆ ಅಪ್ಪ ಅಮ್ಮ ನಿಂತಿದ್ದರು. ಸದ್ದು ಎದೆಗೂಡಿನೊಳಗೇ ಎದ್ದಂತಾಯಿತು. ವಿಮಾನ ಓಡಿತು, ಎದ್ದಿತು, ಮೂಗೆತ್ತಿ ನೆಟ್ಟಗೆ ಮೇಲಕ್ಕೆ ಹೋಯಿತು, ಊಟದ ಮೇಜಿನ ತಟ್ಟೆ ಹೋದ ಹಾಗೇ. ಅಪ್ಪ ಟೋಪಿ ಎಸೆದು ಕುಣಿದ. ಪರದೆಯಮ್ಮ ನಗುತ್ತಿದ್ದಳು, ಅಳುತ್ತಿದ್ದಳು, ಅದು ಇಳಿದು ನಿಲ್ಲುವವರೆಗೂ ತನ್ನ ಕತ್ತನ್ನು ತಾನೇ ಹಿಡಿದುಕೊಂಡಿದ್ದಳು.

ಮಗಳು ಹೆಲ್ಮೆಟ್ ಕಳಚಿ ಓಡಿ ಬಂದವಳೇ ತಾಯಿಯ ಮೇಲೆ ಬಿದ್ದಳು. ಪರದೆಯಮ್ಮನಿಗೆ ಆ ಭಾರ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ, ಗಂಡನಿಗೆ ಆತುಕೊಂಡು ನಿಂತಳು.

"ಅಯ್ಯೋ, ಇಳಿಯೇ ಕಡ್ಡಿ, ಎಷ್ಟು ಭಾರ ಆಗಿದ್ದೀಯ," ಎಂದಳು. ಕೈ ಮಾತ್ರ ಬಿಡಲಿಲ್ಲ.