ಗೋಡೆಗೆ ಅಂಟಿದ ಮುದ್ದೆ

ಉಯ್ಯಂಬಳ್ಳಿಯ ಸರಸಮ್ಮನವರ ಮನೆಯಲ್ಲಿ ಮುದ್ದೆ ಕೋಲು ಮೂಲೆ ಸೇರಿ ಒಂದು ತಿಂಗಳಾಗಿತ್ತು. ಅದಕ್ಕೆಲ್ಲ ಕಾರಣ ಮೊಬೈಲಿನ ಒಂದು ವಿಡಿಯೋ. ಕೋಟು ಹಾಕಿಕೊಂಡ ಯಾರೋ ಒಬ್ಬರು, "ಆಟಿಸಂ ಇರೋ ಮಕ್ಕಳಿಗೆ ಗ್ಲುಟೆನ್ ಬಿಡಿಸಿ, ಹಾಲು ಬಿಡಿಸಿ, ಮೂರೇ ತಿಂಗಳಲ್ಲಿ ಮಾತು ಬರುತ್ತೆ. ಗ್ಲುಟೆನ್ ಅಂದರೆ ಧಾನ್ಯದ ಅಂಟು" ಎಂದು ಹೇಳಿದ್ದರು.

ಸರಸಮ್ಮನವರ ಮೊಮ್ಮಗಳು ಮಾನ್ಯಳಿಗೆ ಆರು ವರ್ಷ. ಅವಳಿಗೆ ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ. ಮೊಮ್ಮಗಳು ಮಾತಾಡಲಿ ಎಂಬ ಆಸೆ ಯಾವ ಅಜ್ಜಿಗಿಲ್ಲ? ಅದಕ್ಕೇ ನಾನು ಅವರನ್ನು ಬೈಯುವುದಿಲ್ಲ. ಆದರೆ ಅವರು ಮಾಡಿದ ಪರೀಕ್ಷೆಯನ್ನು ಹೇಳದೆ ಇರಲಾರೆ.

ಯಾವುದರಲ್ಲಿ ಅಂಟಿದೆ ಎಂದು ತಿಳಿಯಲು ಅವರು ಒಂದೊಂದು ತುತ್ತನ್ನೂ ಹಿತ್ತಲ ಗೋಡೆಗೆ ಮೆತ್ತಿ ನೋಡಿದರು. ಬಿಸಿ ಮುದ್ದೆ ಗೋಡೆ ಕಚ್ಚಿಕೊಂಡು ಕೂತಿತು. ಚಪಾತಿ ಜಾರಿ ಬಿತ್ತು.

"ನೋಡು, ಚಪಾತೀಲಿ ಏನೂ ಇಲ್ಲ. ಅಂಟೆಲ್ಲ ಮುದ್ದೇಲೇ ಐತೆ ಕಣವ್ವ" ಎಂದು ಸೊಸೆಗೆ, ಅಂದರೆ ಮಾನ್ಯಳ ತಾಯಿ ಅನುಷಾಗೆ, ತೀರ್ಪು ಕೊಟ್ಟರು. ಮಗುವಿಗೆ ಆಸೆಯಾಗಬಾರದೆಂದು ಇಡೀ ಮನೆಗೇ ಮುದ್ದೆ ಬಂದ್, ಹಾಲು ಬಂದ್. ವಾರಕ್ಕೊಮ್ಮೆ ಕನಕಪುರಕ್ಕೆ ಥೆರಪಿಗೆ ಹೋಗುವುದೂ ಬಂದ್. "ಪಥ್ಯ ಮುಗೀಲಿ, ಆಮ್ಯಾಕೆ ನೋಡನ" ಎಂದರು.

ಮಾನ್ಯ ಇಷ್ಟಪಟ್ಟು ತಿನ್ನುತ್ತಿದ್ದುದೇ ಎರಡು: ಗೋಲಿಯಷ್ಟು ಉಂಡೆ ಮಾಡಿದ ಮುದ್ದೆ ಮತ್ತು ಹಾಲು. ಚಪಾತಿ ಕೊಟ್ಟರೆ ನೀಟಾಗಿ ಮಡಿಚಿ ತಾತ ಹೊನ್ನಯ್ಯನವರ ಜೇಬಿಗೆ ಹಾಕಿಬಿಡುತ್ತಿದ್ದಳು.

ಒಂದು ದಿನ ಆಶಾ ಕಾರ್ಯಕರ್ತೆ ಹಾಜಿರಾ ತೂಕದ ಯಂತ್ರ ಹಿಡಿದು ಬಂದಳು. ಅನುಷಾ ಬಾಗಿಲಲ್ಲೇ ತಡೆದು ಪಿಸುಗುಟ್ಟಿದಳು.

"ಮೊಗ ಇಳ್ದೋಗವ್ಳೆ ಅಕ್ಕ, ಹೊಟ್ಟೆ ಹಿಡ್ಕೊಂಡು ಕಿರುಚ್ತಾಳೆ. ಅತ್ತೆಗೆ ಹೇಳಕ್ಕೆ ನಂಗೆ ಧೈರ್ಯ ಬತ್ತಿಲ್ಲ."

ಹಾಜಿರಾ ಮಾನ್ಯಳನ್ನು ತೂಗಿದಳು. ಹೋದ ತಿಂಗಳು ಹದಿನೇಳು ಕೆಜಿ ಇದ್ದವಳು ಹದಿನೈದೂವರೆಗೆ ಇಳಿದಿದ್ದಳು.

"ಪಥ್ಯ ಅಂದ್ಮ್ಯಾಲೆ ಒಸಿ ಇಳೀತದೆ. ನಾನೂ ಇಳ್ದಿವ್ನಿ" ಎಂದು ಸರಸಮ್ಮ ತಾವೇ ಯಂತ್ರ ಹತ್ತಿದರು. ಹಾಜಿರಾ ಹಿಂದೆ ಬರೆದಿಟ್ಟಿದ್ದ ಲೆಕ್ಕಕ್ಕಿಂತ ಅವರೂ ಒಂದು ಕೆಜಿ ಇಳಿದಿದ್ದರು.

"ಈಗ ನೀವು ಬನ್ನಿ" ಎಂದು ಹಾಜಿರಾ ಹೊನ್ನಯ್ಯನವರನ್ನು ಕರೆದಳು.

"ನನ್ ತೂಕ ಯಾಕವ್ವ? ನಾನೇನು ಸಂತೆಗೆ ಹೊಂಟಿರೋ ಕುರಿನಾ?"

ಹಾಜಿರಾ ಬಿಡಲಿಲ್ಲ, ಹತ್ತಿಸಿದಳು. ಎರಡು ಕೆಜಿ ಹೆಚ್ಚಾಗಿತ್ತು. ಸರಸಮ್ಮ ಯಂತ್ರವನ್ನೂ ಗಂಡನನ್ನೂ ಒಂದೊಂದು ಸಲ ನೋಡಿದರು.

"ಪಕ್ಕದ್ ಬೀದಿ ಕೆಂಪರಾಜು ಮನೇಲಿ ಉಣ್ತಾ ಇವ್ನಿ. ದಿನಾ ಎರಡು ಮುದ್ದೆ" ಎಂದು ಹೊನ್ನಯ್ಯ ಒಪ್ಪಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ನಂಗೆ ಬಾಯೈತೆ, ಹೋಗಿ ಕೇಳ್ಕೊಂಡು ಉಣ್ತೀನಿ. ಆ ಮೊಗ ಯಾರತ್ರ ಹೋಗಿ ಕೇಳ್ತದೆ ಸರಸಿ?"

ಸರಸಮ್ಮನವರಿಗೆ ಕಣ್ಣು ತುಂಬಿ ಬಂತು. "ನಾನೇನು ಕೆಡಲಿ ಅಂತ ಮಾಡುದ್ನಾ?" ಎಂದು ಅಲ್ಲೇ ಕುಸಿದು ಕೂತರು.

ಹಾಜಿರಾ ಪಕ್ಕದಲ್ಲಿ ಕೂತಳು. "ಒಳ್ಳೇದಾಗ್ಲಿ ಅಂತ್ಲೇ ಮಾಡುದ್ರಿ, ಗೊತ್ತು. ಆದ್ರೆ ಗ್ಲುಟೆನ್ ಇರೋದು ಗೋಧೀಲಿ ಸರಸಮ್ಮೋರೆ, ರಾಗೀಲಿ ಇಲ್ಲ. ಅದು ಇಲ್ದೇ ಇರೋ ಮುದ್ದೆ ಬಿಡ್ಸಿ, ಇರೋ ಚಪಾತಿ ತಿನ್ಸಕ್ಕೆ ಹೋಗಿದ್ರಿ."

"ಹಂಗಾರೆ ಗೋಧಿ ಬುಟ್ರೆ ಮಾತು ಬತ್ತದಾ?" ಸರಸಮ್ಮ ಅಷ್ಟು ಸುಲಭಕ್ಕೆ ಬಿಡುವವರಲ್ಲ.

"ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಯಾವ ಪಥ್ಯದಿಂದ್ಲೂ ಆಟಿಸಂ ಹೋಗಲ್ಲ. ಹಂಗಂತ ಊಟ ಮುಖ್ಯ ಅಲ್ಲ ಅಂತಲ್ಲ. ಹೊಟ್ಟೆ ನೋಯ್ತದೆ ಅಂತ ಹೇಳಕ್ಕೆ ಇವಳಿಗೆ ಮಾತಿಲ್ಲ, ಅತ್ತು ಕಿರುಚ್ತಾಳೆ. ಅದನ್ನ ಡಾಕ್ಟ್ರು ನೋಡ್ಬೇಕು. ನಾಳೆ ಬಸ್ಸಿಗೆ ಹೋಗನ, ನಾನೂ ಬತ್ತೀನಿ."

ಕನಕಪುರದಲ್ಲಿ ಡಾಕ್ಟರು ನೋಡಿದರು. ಮಾನ್ಯಳಿಗೆ ಮಲಬದ್ಧತೆ ಇತ್ತು, ಅದಕ್ಕೆ ಔಷಧಿ ಕೊಟ್ಟರು. ಆಹಾರ ತಜ್ಞೆ ಮುದ್ದೆ, ಹಾಲು ಎರಡನ್ನೂ ವಾಪಸ್ ಕೊಡಿಸಿದರು. ನೀರು ಹೆಚ್ಚು ಕುಡಿಸಿ, ಮುದ್ದೆ ಉಂಡೆಯೊಳಗೆ ಚಿಟಿಕೆ ಸೊಪ್ಪು ಸೇರಿಸಿ, ವಾರಕ್ಕೆ ಒಂದೇ ಹೊಸ ತಿನಿಸು ತೋರಿಸಿ, ಬಲವಂತ ಬೇಡ, ಏನು ತಿಂದಳು ಹೇಗಿದ್ದಳು ಎಂದು ಬರೆದಿಡಿ ಎಂದರು. ಥೆರಪಿ ಮಾತ್ರ ತಪ್ಪಿಸಬೇಡಿ ಎಂದು ಎರಡು ಸಲ ಹೇಳಿದರು.

ಎರಡು ತಿಂಗಳಲ್ಲಿ ತೂಕ ಮರಳಿತು, ಕಿರುಚಾಟ ಕಡಿಮೆಯಾಯಿತು. ಮಾತು ಬರಲಿಲ್ಲ. ಆದರೆ ಥೆರಪಿಯಲ್ಲಿ ಚಿತ್ರದ ಕಾರ್ಡ್ ಕೊಟ್ಟು ಕೇಳುವುದನ್ನು ಕಲಿತಳು. ಒಂದು ಮಧ್ಯಾಹ್ನ ಹಾಲಿನ ಲೋಟದ ಕಾರ್ಡನ್ನು ತಂದು ಅಜ್ಜಿಯ ಅಂಗೈಯಲ್ಲಿಟ್ಟು ಕಾದು ನಿಂತಳು. ಸರಸಮ್ಮ ಓಡಿಹೋಗಿ ಹಾಲು ತಂದರು, ಆ ಆತುರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು.

ಅಕ್ಕಂದಿರೇ, ಅಣ್ಣಂದಿರೇ, ಮಗುವಿನ ಊಟದಲ್ಲಿ ಏನಾದರೂ ಬದಲಿಸಬೇಕು ಅನ್ನಿಸಿದರೆ ಬದಲಿಸಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಡಾಕ್ಟರನ್ನು ಕೇಳಿ, ಒಂದೊಂದಾಗಿ ಬದಲಿಸಿ, ತೂಕ ನೋಡುತ್ತಿರಿ. ವಿಡಿಯೋದಲ್ಲಿ ಹೇಳಿದವರಿಗೆ ನಿಮ್ಮ ಮಗುವಿನ ಹೆಸರೂ ಗೊತ್ತಿಲ್ಲ. ಅದರ ತಟ್ಟೆಯಿಂದ ಏನನ್ನಾದರೂ ತೆಗೆಯುವ ಮುಂಚೆ, ತಟ್ಟೆಯ ಮುಂದೆ ಕೂತಿರುವ ಮಗುವನ್ನು ಒಮ್ಮೆ ನೋಡಿ.