ಮೂರನೇ ಕೂಗು

ಧನುಶ್ರೀ ಕೀಬೋರ್ಡನ್ನು ಬೋರಲು ಹಾಕಿ, ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ ಧೂಳು ಉದುರಿಸಿದಳು. ಆಮೇಲೆ ಬಟ್ಟೆ ತಗೊಂಡು ಒಂದೊಂದೇ ಅಕ್ಷರ ಒರೆಸಿದಳು. ಪಕ್ಕದಲ್ಲಿ ವಾಣಿ, ಇವಳು ಬರೆದ ಪ್ರೋಗ್ರಾಮನ್ನು ತೆರೆಯ ಮೇಲೆ ಓದುತ್ತಿದ್ದಳು. ಹೇಗಿದೆ ಎಂದು ಬಾಯಿಬಿಟ್ಟು ಕೇಳಲಾರದೆ ಧನುಶ್ರೀ ಅವಳ ಹುಬ್ಬನ್ನೇ ಗಮನಿಸುತ್ತಿದ್ದಳು.

ವಾಣಿಗೆ ಎರಡು ಕಂಪ್ಯೂಟರ್ ಅಂಗಡಿ, ಸಕಲೇಶಪುರದಲ್ಲೊಂದು, ಹಾನುಬಾಳಿನಲ್ಲೊಂದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಧನುಶ್ರೀಯನ್ನು ಹಾನುಬಾಳಿನಲ್ಲಿ ಕಸ ಗುಡಿಸಲು ಇಟ್ಟುಕೊಂಡವಳು, ಕಣ್ಣಿನ ಚುರುಕು ಕಂಡು ಭಾನುವಾರಗಳಂದು ಎರ್ಲಾಂಗ್ ಎಂಬ ಪ್ರೋಗ್ರಾಮ್ ಭಾಷೆ ಕಲಿಸತೊಡಗಿದ್ದಳು. ಈಗ ಅದರ ಮೇಲೆ ವೆಬ್ ಪುಟ ಕಟ್ಟುವ ನೈಟ್ರೋಜನ್.

"ನೈಟ್ರೋಜನ್ ಅಂದ್ರೆ ಕಾಫಿ ಗಿಡಕ್ಕೆ ಹಾಕೋ ಗೊಬ್ಬರ ಅಲ್ವಾ ಅಕ್ಕ?" ಎಂದು ಮೊದಲ ದಿನ ಕೇಳಿದ್ದಳು.

"ಇದು ನಿನ್ನ ತಲೆಗೆ ಹಾಕೋದು ಕಣೇ" ಎಂದಿದ್ದಳು ವಾಣಿ, ಉಬ್ಬಸದ ನಡುವೆಯೇ ನಗುತ್ತ.

ಇವತ್ತಿನ ಪಾಠ ಸಣ್ಣದು. ಸಕಲೇಶಪುರದಿಂದ 'ಧನು' ಎಂದು ಕರೆದರೆ ಹಾನುಬಾಳಿನ ಪುಟ 'ಓ' ಎನ್ನಬೇಕು.

ವಾಣಿಯ ಹುಬ್ಬು ಮೇಲೇರಿತು. "ಇದೇನೇ, ಎರಡು ಸಲ ಕರೆದ್ರೂ ಸುಮ್ಕಿದ್ದು ಮೂರನೇದಕ್ಕೆ ಓ ಅಂತೈತೆ?"

"ಅಜ್ಜಿ ಹೇಳೈತೆ ಅಕ್ಕ. ಮೊದಲ್ನೇ ಕೂಗಿಗೆ ಓಗೊಡಬಾರ್ದಂತೆ. ದೆವ್ವ ಎರಡೇ ಸಲ ಕೂಗೋದು."

ವಾಣಿ ಕೆಮ್ಮು ಬರುವಷ್ಟು ನಕ್ಕಳು. "ಬೆಟ್ಟಮ್ಮಜ್ಜಿನ ಕಂಪ್ಯೂಟರ್ ಒಳಗೂ ಕೂರಿಸ್ಬುಟ್ಟಲ್ಲೇ. ಮೊದಲೆರಡು ಕೂಗು ಎಲ್ಲೂ ಹೋಗಲ್ಲ, ಪೆಟ್ಟಿಗೆಲಿ ಬಿದ್ದಿರ್ತವೆ. ಬರೋ ಭಾನುವಾರ ಸರಿ ಮಾಡನ. ಅಲ್ಲೀತನಕ ಮೂರು ಸಲ ಕರೀತೀನಿ ಬಿಡು."

ಶನಿವಾರ ಬೆಳಿಗ್ಗೆಯೆಲ್ಲ ಧನುಶ್ರೀ ತೆರೆಯ ಎದುರೇ ಕೂತು ಪಾಠದ ಹಾಳೆ ಓದಿದಳು. ಪುಟ ಖಾಲಿ ಇತ್ತು. ಮಧ್ಯಾಹ್ನ ಫೋನು ಬಂತು. ಸಕಲೇಶಪುರದಲ್ಲಿ ವಾಣಿಯ ಪಕ್ಕದ ಅಂಗಡಿಯ ಶಾಂತಮಲ್ಲಪ್ಪ.

"ನಿಮ್ಮಕ್ಕಂಗೆ ಉಸಿರು ಕಟ್ಬುಟ್ಟಿತ್ತು ಕಣವ್ವ. ಟೇಬಲ್ ಮೇಲೆ ಒರಗಿದ್ರು. ಗೋಡೆ ಆಚೆ ನಾನಿದ್ದೆ, ದನಿನೇ ಹೊರಡ್ಲಿಲ್ವೇನೋ. ಆಸ್ಪತ್ರೆ ದಾರಿಲೇ ಹೋಗ್ಬುಟ್ರು."

ಪೆಟ್ಟಿಗೆ ನೋಡುವ ಪಾಠ ಇನ್ನೂ ಆಗಿರಲಿಲ್ಲ. ಧನುಶ್ರೀ ಹಾಳೆಗಳನ್ನು ತಿರುವಿ ಅದನ್ನು ತೆರೆಯುವ ಒಂದು ಸಾಲು ಹುಡುಕಿ ಟೈಪ್ ಮಾಡಿದಳು. ಒಳಗೆ ಎರಡು ಕೂಗು ಬಿದ್ದಿದ್ದವು. ಧನು, ಹನ್ನೊಂದು ಹತ್ತು. ಧನು, ಹನ್ನೊಂದು ಹನ್ನೆರಡು.

ಆಗ ಅವಳು ಇದೇ ಕುರ್ಚಿಯಲ್ಲಿದ್ದಳು. ಒಂದು ಫೋನು ಮಾಡಿದ್ದರೆ ಶಾಂತಮಲ್ಲಪ್ಪ ಎರಡು ಹೆಜ್ಜೆಯಲ್ಲಿ ವಾಣಿಯ ಬಳಿ ಇರುತ್ತಿದ್ದ.

ನಡೆಯುತ್ತಿರುವುದನ್ನು ನಿಲ್ಲಿಸದೆಯೇ ಬದಲಿಸಬಹುದು ಎಂಬುದು ಎರ್ಲಾಂಗಿನ ಹೆಚ್ಚುಗಾರಿಕೆ, ವಾಣಿಯೇ ಹೇಳಿಕೊಟ್ಟದ್ದು. ಧನುಶ್ರೀ ಮೂರರ ಲೆಕ್ಕವನ್ನು ಅಳಿಸಿ ಹೊಸ ಸಾಲು ಕೂಡಿಸಿದಳು. ಕೂಡಲೇ ಪುಟ, ಅಷ್ಟೂ ಹೊತ್ತು ಒಳಗೆ ಕಾದಿದ್ದ ಕೂಗುಗಳಿಗೆ ತಾನಾಗಿ ಉತ್ತರಿಸಿತು.

ಓ.

ಓ.

ಸಕಲೇಶಪುರದ ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ. ಉತ್ತರ ಎರಡೂ ಅಲ್ಲಿ ತಲುಪಿದವು ಎಂದು ತೆರೆ ತೋರಿಸಿತು. ಅವಳು ಬಹಳ ಹೊತ್ತು ಕಾದಳು. ಆಮೇಲೆ ಕೆಳಗೆ ಬರೆದಳು:

"ಓ ಅಂದೆ ಅಕ್ಕ. ಏನು ಬೇಕಿತ್ತು, ಹೇಳಿ."