ಸಂಘದ ಹಬ್ಬ, ೧೯೯೨

ಆಟೋ ಹತ್ತಿದಾಗಿನಿಂದ ಸುಲೋಚನಾಳ ಬೆರಳು ಸುಮ್ಮನಿರಲಿಲ್ಲ. ಮಡಿಲಲ್ಲಿದ್ದ ಬಟ್ಟೆಚೀಲದೊಳಗೆ ಕೈಯಿಟ್ಟು, ವಿಡಿಯೋ ಕ್ಯಾಸೆಟ್ಟಿನ ಅಂಚಿಗೆ ಅಂಟಿದ್ದ ಸೆಲೋಟೇಪಿನ ಚೂರನ್ನು ಉಗುರಿನಿಂದ ಕೆರೆಯುತ್ತಲೇ ಇದ್ದಳು. ಅರ್ಧ ಎದ್ದು ಬಂತು. ಇನ್ನರ್ಧ ಕಂದು ಗೋಂದಾಗಿ ಅಲ್ಲೇ ಕೂತಿತು. ಪಕ್ಕದಲ್ಲಿದ್ದ ನರಸಿಂಹಮೂರ್ತಿಗಳು ಊರುಗೋಲಿನ ಮೇಲೆ ಗಲ್ಲವೂರಿ ರಸ್ತೆಯನ್ನೇ ನೋಡುತ್ತಿದ್ದರು.

ಎಲ್ಲ ಅವಳೇ ತಂದುಕೊಂಡದ್ದು. ಹತ್ತು ದಿನದ ಹಿಂದೆ, ಬಣ್ಣ ಹೊಡೆಸಲೆಂದು ಕಲ್ಕತ್ತಾದ ಸದರ್ನ್ ಅವೆನ್ಯೂವಿನ ಮನೆಯ ಅಟ್ಟ ಖಾಲಿ ಮಾಡಿಸುವಾಗ ಅಪ್ಪನ ತಗಡಿನ ಟ್ರಂಕು ಸಿಕ್ಕಿತ್ತು. ಒಳಗೆ ನಲವತ್ತಮೂರು ಕ್ಯಾಸೆಟ್ಟುಗಳು, ಒಂದೊಂದರ ಬೆನ್ನ ಮೇಲೂ ಅಪ್ಪನ ದುಂಡಕ್ಷರ. ರೈಲ್ವೆಯಲ್ಲಿದ್ದ ಅಪ್ಪ ಗುಂಡಪ್ಪನವರಿಗೆ ಸಿನಿಮಾ ಎಂದರೆ ಪ್ರಾಣ. ರಜೆಗೆ ಊರಿಗೆ ಹೋದ ಕನ್ನಡಿಗರು ಯಾರೇ ಆಗಲಿ, ವಾಪಸು ಬರುವಾಗ ಕಾಫಿಪುಡಿಯ ಜೊತೆಗೆ ಒಂದು ಸಿನಿಮಾ ಕ್ಯಾಸೆಟ್ಟನ್ನೂ ತರಲೇಬೇಕೆಂದು ಕಟ್ಟಳೆ ಮಾಡಿದ್ದರು. ತಿಂಗಳ ಎರಡನೇ ಭಾನುವಾರ ಅವರ ಹಾಲಿನಲ್ಲಿ ಮೂವತ್ತು ಜನ ಒತ್ತೊತ್ತಾಗಿ ಕೂತು ನೋಡುತ್ತಿದ್ದರು. ಆ ಟ್ರಂಕಿನ ಫೋಟೋ ತೆಗೆದು ಸುಲೋಚನಾ ಅಲ್ಲಿನ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಳು: ‘ಅಪ್ಪನ ಖಜಾನೆ ಸಿಕ್ಕಿತು!’

ಹತ್ತು ನಿಮಿಷದಲ್ಲಿ ಮೂರ್ತಿಗಳ ಫೋನು ಬಂತು. “ಸುಲೂ, ಮೂರನೇ ಸಾಲಿನಲ್ಲಿ ಕೆಳಗಿಂದ ಎರಡನೇದು. ‘ಸಂಘದ ಹಬ್ಬ, ೧೯೯೨’. ಅದರಲ್ಲಿ ನಮ್ಮ ವೇಣಿ ಹಾಡಿದಾಳೆ ಕಣಮ್ಮ.”



ಮೂರ್ತಿಗಳು ಬಾರಾನಗರದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಮೂವತ್ತು ವರ್ಷ ಸಂಶೋಧಕರಾಗಿದ್ದು ನಿವೃತ್ತರಾದವರು. ಹೆಂಡತಿ ಕೃಷ್ಣವೇಣಿ ಹೋಗಿ ಹನ್ನೊಂದು ತಿಂಗಳಾಗಿತ್ತು. ಆಕೆ ಜೀವಮಾನದಲ್ಲಿ ವೇದಿಕೆ ಹತ್ತಿ ಹಾಡಿದ್ದು ಒಂದೇ ಸಲ, ಆ ಹಬ್ಬದಲ್ಲಿ. ಅವತ್ತು ಇವರು ಸೆಮಿನಾರಿಗೆಂದು ದೆಹಲಿಗೆ ಹೋಗಿದ್ದರು. “ಬನ್ನಿ ಮೂರ್ತಿ, ಹಾಕಿ ತೋರಿಸ್ತೀನಿ” ಎಂದು ಗುಂಡಪ್ಪನವರು ಎಷ್ಟು ಸಲ ಕರೆದರೂ ಇವರದು “ಮುಂದಿನ ವಾರ.” ಆಮೇಲೆ ವಿಸಿಆರ್ ಕೆಟ್ಟಿತು, ಗುಂಡಪ್ಪನವರೂ ತೀರಿಕೊಂಡರು.

ಮೂರ್ತಿಗಳಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಹಬ್ಬ ಕಳೆದು ಎರಡು ತಿಂಗಳಿಗೆ, ಒಂದು ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಕನ್ನಡ ಸಿನಿಮಾದ ಸರದಿ. ಹದಿನೈದು ಭಾಷೆಗಳ ನಡುವೆ ಕನ್ನಡದ ಪಾಳಿ ಬರುತ್ತಿದ್ದುದೇ ಅಪರೂಪ. ಅಪ್ಪ ಡ್ಯೂಟಿಯ ಮೇಲೆ ಖರಗಪುರಕ್ಕೆ ಹೋಗಿದ್ದರು, ಮನೆಯಲ್ಲಿ ಖಾಲಿ ಕ್ಯಾಸೆಟ್ಟಿರಲಿಲ್ಲ. ಅಪ್ಪನ ಸಂಗ್ರಹಕ್ಕೆ ಇನ್ನೊಂದು ಸೇರಿಸಿ ಶಹಭಾಸ್ ಎನಿಸಿಕೊಳ್ಳುವ ಆಸೆಗೆ, ಹದಿಮೂರರ ಸುಲೋಚನಾ ಸಿನಿಮಾ ಅಲ್ಲದ ಒಂದೇ ಒಂದು ಕ್ಯಾಸೆಟ್ಟನ್ನು ಆರಿಸಿದಳು. ಹಬ್ಬದ ಭಾಷಣ ಯಾರು ನೋಡುತ್ತಾರೆ? ಮತ್ತೆ ರೆಕಾರ್ಡ್ ಆಗದ ಹಾಗೆ ಅಪ್ಪ ಅದರ ಮೂಲೆಯ ಪ್ಲಾಸ್ಟಿಕ್ ಹಲ್ಲನ್ನು ಮುರಿದಿದ್ದರು. ಆ ತೂತಿಗೆ ಸೆಲೋಟೇಪ್ ಅಂಟಿಸಿದರೆ ಯಂತ್ರ ಮೋಸಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಶುರುವಿಂದ ಹಾಕಿ, ಗುಂಡಿ ಒತ್ತಿ, ಟ್ಯೂಷನ್ನಿಗೆ ಹೋದಳು. ಬಂದು ನೋಡಿದರೆ ಲೋಡ್‌ಶೆಡ್ಡಿಂಗ್. ಕರೆಂಟು ಯಾವಾಗ ಹೋಯಿತು, ಎಷ್ಟು ಅಳಿಸಿಹೋಯಿತು, ಒಂದೂ ತಿಳಿಯದು. ಹೆದರಿ, ಕರೆಂಟು ಬಂದದ್ದೇ ಕ್ಯಾಸೆಟ್ಟನ್ನು ಹೊರಗೆಳೆದು, ಹಿಂದಕ್ಕೂ ಸುತ್ತದೆ ಪೆಟ್ಟಿಗೆಯ ತಳಕ್ಕೆ ತುರುಕಿದಳು. ಅಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಲೇಕ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ರಂಜಿತ್‌ಬಾಬುವಿನ ಅಂಗಡಿ. ವಿಸಿಆರ್ ಇನ್ನೂ ಓಡುವ ಜಾಗ ಅದೊಂದೇ ಎಂದು ಮೂರ್ತಿಗಳೇ ಹುಡುಕಿದ್ದರು. ಐವತ್ತು ದಾಟಿದ ರಂಜಿತ್ ಕನ್ನಡಕ ಹಣೆಗೇರಿಸಿ, ಕ್ಯಾಸೆಟ್ಟಿನ ತಿರುಪು ಬಿಚ್ಚಿದ. ಟೇಪಿನ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸುತ್ತ ಒರೆಸುತ್ತ ಅವನ ಹೆಬ್ಬೆರಳು ಅಂಚಿನ ಗೋಂದಿನ ಮೇಲೆ ನಿಂತಿತು. ತಲೆಯೆತ್ತಿ ಸುಲೋಚನಾಳನ್ನು ನೋಡಿದ. ಅವಳು ಉಗುರನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವನು ಮತ್ತೆ ಒರೆಸಲು ಬಾಗಿದ.

“ಟೇಪು ನಡುವೆ ನಿಂತಿದೆ ಮಾಶಾಯ್,” ಎಂದ ಬಂಗಾಳಿಯಲ್ಲಿ, ಮೂರ್ತಿಗಳತ್ತ ತಿರುಗಿ. “ಇಲ್ಲಿಂದ ಮುಂದಕ್ಕೆ ಹಾಕಿದರೆ ಒಂದು ಸಲ ಓಡೀತು. ಹಿಂದಕ್ಕೆ ಸುತ್ತಿದರೆ ಅಂಟಿಕೊಂಡು ಹರಿಯುತ್ತೆ. ಹರಿದರೆ ಉಳಿದದ್ದೂ ಕೈಬಿಟ್ಟ ಹಾಗೆ.”

“ಹಾಡಿರೋದು ಮೊದಲಲ್ಲಿ,” ಎಂದರು ಮೂರ್ತಿಗಳು. “ಪ್ರಾರ್ಥನೆ ಆದ ತಕ್ಷಣ ಅವಳದೇ ಅಂತ ಗುಂಡಪ್ಪ ಹೇಳಿದ್ದ. ಸುತ್ತಿ. ಹರಿದರೆ ಹರೀಲಿ. ನಾನು ಬಂದಿರೋದೇ ಅದಕ್ಕೆ.”

ಸುಲೋಚನಾ ಬಿಚ್ಚಿಟ್ಟ ಕ್ಯಾಸೆಟ್ಟನ್ನು ನೋಡಿದಳು. ಬಲಗಡೆ, ಓಡಿ ಮುಗಿದ ಸುರುಳಿ ಸಣ್ಣದು, ಅರ್ಧ ಗಂಟೆಯಷ್ಟಿರಬಹುದು. ಎಡಗಡೆಯದು ದಪ್ಪ. ಮೂವತ್ತೆರಡು ವರ್ಷ ಅವಳು ಉತ್ತರ ಕಾಣದೆ ಒದ್ದಾಡಿದ ಲೆಕ್ಕ ಕಣ್ಣೆದುರೇ ಬಿದ್ದಿತ್ತು. ಬಲಗಡೆ ಅವಳ ಸಿನಿಮಾ. ಎಡಗಡೆ ಹಬ್ಬದಲ್ಲಿ ಉಳಿದದ್ದು. ಹಾಡು ಇಲ್ಲ.

ಈಗ ಅವಳು ಬಾಯಿ ಬಿಡದಿದ್ದರೆ ಸಾಕು. ಟೇಪು ಹರಿಯುತ್ತದೆ, ಕಲ್ಕತ್ತಾದ ತೇವವನ್ನು ಎಲ್ಲರೂ ಬೈಯುತ್ತಾರೆ, ಅವಳ ಹೆಸರು ಎಂದೆಂದಿಗೂ ಹೊರಬರುವುದಿಲ್ಲ. ಅದರ ಜೊತೆಗೆ ಎಡಗಡೆಯ ಸುರುಳಿಯೂ ಹೋಗುತ್ತದೆ. ಅದರಲ್ಲಿ ಕೃಷ್ಣವೇಣಿ ಅತ್ತೆ ಒಂದು ಕ್ಷಣವಾದರೂ ಓಡಾಡಿರಬಹುದು.

ರಂಜಿತ್ ಕ್ಯಾಸೆಟ್ಟನ್ನು ಮುಚ್ಚಿ ಯಂತ್ರದೊಳಕ್ಕೆ ತಳ್ಳಿದ. ಬೆರಳು ಹಿಂದೆ ಸುತ್ತುವ ಗುಂಡಿಯ ಮೇಲೆ ಬಂತು.

“ದಾದಾ, ದಾಂಡಾನ್, ನಿಲ್ಲಿಸಿ!” ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. ಬೆರಳು ನಿಂತಿತು.

“ಮೂರ್ತಿ ಮಾಮ, ಹಾಡು ಅದರಲ್ಲಿಲ್ಲ. ನಾನು ಅದರ ಮೇಲೆ ಸಿನಿಮಾ ರೆಕಾರ್ಡ್ ಮಾಡ್ಬಿಟ್ಟೆ. ಹದಿಮೂರು ವರ್ಷ ಆಗ. ಸೆಲೋಟೇಪ್ ಹಾಕಿ ಮಾಡಿದೆ. ಬರೋವಾಗ ಅದನ್ನೂ ಕಿತ್ತೆ.”

ಮೂರ್ತಿಗಳು ಅವಳತ್ತ ತಿರುಗಿದರು.

“ಅಪ್ಪನಿಗೆ ಗೊತ್ತಿತ್ತಾ?”

“ಇಲ್ಲ.”

“ವೇಣಿಗೆ?”

“ಇಲ್ಲ ಮಾಮ.”

“ಪ್ರತಿ ದಸರಾ ನಮ್ಮನೆ ಬೊಂಬೆ ನೋಡೋಕೆ ಬರ್ತಿದ್ದೆ. ಅವಳ ಕೈಯಿಂದ ಚರ್ಪು ಇಸ್ಕೊಂಡು ತಿನ್ತಿದ್ದೆ.” ಅವರ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ. “ಹತ್ತು ದಿನದಿಂದ ದಿನಕ್ಕೆರಡು ಸಲ ಫೋನ್ ಮಾಡ್ತಿದೀನಿ. ಆಗ್ಲೂ ಬಾಯಿ ಬರಲಿಲ್ಲ ಅಲ್ವಾ?”

ಅವಳು ಗೋಂದು ಅಂಟಿದ ಉಗುರನ್ನು ಸೆರಗಿಗೆ ಒರೆಸಿಕೊಂಡಳು.

“ಇಲ್ಲಿಂದಲೇ ಹಾಕಿ,” ಎಂದರು ಮೂರ್ತಿಗಳು ರಂಜಿತ್‌ಗೆ.

ಪರದೆಯ ಮೇಲೆ ಬಿಳಿ ಗೆರೆಗಳು ಹರಿದಾಡಿದವು. ಆಮೇಲೆ ಮಕ್ಕಳ ಕೋಲಾಟ, ಒಬ್ಬಳ ಜಡೆಯ ಕುಚ್ಚು ಬಿದ್ದುಹೋದದ್ದು, ಭಾಷಣಕಾರರ ಕೆಮ್ಮು. ಚಿತ್ರ ಎರಡು ಸಲ ನಡುಗಿ ನಿಂತಿತು. ರಂಜಿತ್ ಯಂತ್ರದ ಬದಿಯನ್ನು ಮೆಲ್ಲನೆ ತಟ್ಟಿದ. ಮತ್ತೆ ಓಡಿತು. ಈಗ ಊಟದ ಪಂಕ್ತಿ. ಎಲೆಗಳ ನಡುವೆ ಸಾರಿನ ಬಕೀಟು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬರುತ್ತಿದ್ದಳು ಕೃಷ್ಣವೇಣಿ.

“ಏನ್ರೀ ಗುಂಡಪ್ಪನೋರೇ, ನನ್ನೇನು ತೆಗೀತೀರಿ? ಕೂತಿರೋರನ್ನ ತೆಗೀರಿ.” ಕ್ಯಾಮೆರಾದ ಹಿಂದಿನಿಂದ ಅಪ್ಪನ ದನಿ: “ಮೂರ್ತಿಗೆ ತೋರಿಸ್ಬೇಡ್ವೇನಮ್ಮ, ನೀನು ಹಾಡಿದ್ದು?” ಅವಳು ಸೌಟನ್ನು ಕ್ಯಾಮೆರಾದ ಮುಂದೆ ಆಡಿಸಿ ನಕ್ಕಳು. “ಅವರಿದ್ದಿದ್ರೆ ನಾನೆಲ್ಲಿ ಹಾಡ್ತಿದ್ದೆ! ಶ್ರುತಿ ತಪ್ಪಿತು ಅಂತ ಕೂತಲ್ಲಿಂದಲೇ ಹುಬ್ಬು ಗಂಟು ಹಾಕೋರು.”

ಯಂತ್ರ ಕಿರ್ರೆಂದಿತು. ಚಿತ್ರ ಮಡಚಿಕೊಂಡು ಕಪ್ಪಾಯಿತು. ರಂಜಿತ್ ತಟ್ಟನೆ ಗುಂಡಿ ಒತ್ತಿ, “ಇಷ್ಟೇ,” ಎಂದ. “ಬಲವಂತ ಮಾಡಬಾರದು.”

ಮೂರ್ತಿಗಳ ಮುಖದಲ್ಲಿ ನಗೆಯೋ ಅಳುವೋ, ಸುಲೋಚನಾ ಎಷ್ಟು ನೋಡಿದರೂ ತಿಳಿಯಲಿಲ್ಲ. ಕ್ಯಾಸೆಟ್ಟನ್ನು ಅವರು ತಾವೇ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ಅವಳು ಕೈ ಚಾಚಲಿಲ್ಲ.

“ಯಾವ ಸಿನಿಮಾ ಅದು?”

“ನೆನಪಿಲ್ಲ ಮಾಮ. ನಾನು ನೋಡಲೇ ಇಲ್ಲ.”

“ಅದೂ ಹೋಯ್ತು.” ಊರುಗೋಲು ಹಿಡಿದು ಎದ್ದವರು ಬಾಗಿಲಲ್ಲಿ ನಿಂತರು. “ಹಬ್ಬದ ದಿನ ನೀನಿದ್ದೆ ಅಲ್ವಾ ಹಾಲ್‌ನಲ್ಲಿ?”

“ಇದ್ದೆ. ಮುಂದಿನ ಸಾಲಲ್ಲೇ.”

“ಹಾಗಿದ್ರೆ ಹೇಳು. ಹೇಗೆ ಹಾಡಿದ್ಲು? ನನ್ನ ಸಮಾಧಾನಕ್ಕೆ ಅಂತ ಒಂದಕ್ಷರ ಸೇರಿಸ್ಬೇಡ.”

ಓಣಿಯಲ್ಲಿ ಕೈಗಾಡಿಯೊಂದು ಗಡಗಡ ಹಾದುಹೋಯಿತು. ಸುಲೋಚನಾ ಒಂದೊಂದೇ ಮಾತನ್ನು ತೂಗಿ ಆಡಿದಳು.

“ಮೊದಲು ತುಂಬ ಮೇಲಿನ ಶ್ರುತಿಯಲ್ಲಿ ಎತ್ಕೊಂಡ್ರು ಮಾಮ. ಎರಡು ಸಾಲಿಗೇ ಗಂಟಲು ಕಟ್ಟಿತು. ನಿಲ್ಲಿಸಿದ್ರು, ಬಾಗಿಲ ಕಡೆ ಒಂದ್ಸಲ ನೋಡಿದ್ರು...”

“ಹ್ಞೂಂ,” ಎಂದರು ಮೂರ್ತಿಗಳು. ಬಾಗಿಲಿನಿಂದ ಹಿಂದಕ್ಕೆ ಬಂದು ರಂಜಿತ್‌ನ ಸ್ಟೂಲಿನ ಮೇಲೆ ಕೂತರು. “ಆಮೇಲೆ?”